ಪಿಂಕ್ ಕುಶ್ ತಗೊಂಡ ಮೇಲೆ ಮೈ ಸರಿಯಿಲ್ಲವೇ? ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

"ಅಕ್ಕಾ, ಮನೇಲಿ ಹೇಳ್ಬೇಡಿ." ರಾತ್ರಿ ಹನ್ನೊಂದರ ಮೇಲೆ ನನಗೆ ಬರುವ ಎಷ್ಟೋ ಕನ್ನಡದ ಕರೆಗಳು ಹೀಗೇ ಶುರುವಾಗುತ್ತವೆ. ನಾನು ಕೆನಡಾದ ಒಂಟಾರಿಯೊದಲ್ಲಿ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಓದಲು ಬಂದ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ನನ್ನ ನಂಬರ್ ಓಡಾಡುತ್ತಿದೆ. ಅವರು ಹೇಳುವ ಹೆಸರುಗಳಲ್ಲಿ ಮತ್ತೆ ಮತ್ತೆ ಕೇಳುವುದು ಪಿಂಕ್ ಕುಶ್. ಇದೊಂದು ಗಾಂಜಾ ತಳಿ. ಇಂಡಿಕಾ ಎಂಬ ಬಗೆಯ ಕಡೆಗೆ ವಾಲಿದ ಹೈಬ್ರಿಡ್, ಓಜಿ ಕುಶ್ ಎಂಬ ಇನ್ನೊಂದು ತಳಿಯ ವಂಶದ್ದು, ಹೂವಿನ ಮೇಲೆ ಗುಲಾಬಿ ಎಳೆಗಳು, ಸಿಹಿ ವಾಸನೆ. "ಮೈ ಹಗುರ, ಒಳ್ಳೆ ನಿದ್ದೆ" ಎಂಬ ಮಾತು ಅದರ ಜೊತೆಗೇ ಬರುತ್ತದೆ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊದಲ್ಲಿ 19 ತುಂಬಿದವರು ಕೊಳ್ಳಬಹುದು. ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ತಗೊಂಡು ಏನೋ ಎಡವಟ್ಟಾದಾಗ ಯಾವುದು ತಾನಾಗಿ ಇಳಿಯುತ್ತದೆ, ಯಾವುದಕ್ಕೆ ಆಂಬುಲೆನ್ಸ್ ಬೇಕು ಎನ್ನುವುದು ಗೊತ್ತಿರಲೇಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಂದೆ ಓದದೆ ಈಗಲೇ 911ಕ್ಕೆ (ಕೆನಡಾದ ತುರ್ತು ಸಂಖ್ಯೆ) ಕರೆ ಮಾಡಬೇಕಾದ ಸಂದರ್ಭಗಳು

ಎಬ್ಬಿಸಿದರೂ ಏಳುತ್ತಿಲ್ಲ. ಉಸಿರು ತೀರಾ ನಿಧಾನ, ಅಥವಾ ತುಟಿ ನೀಲಿಗಟ್ಟುತ್ತಿದೆ. ಫಿಟ್ಸ್ ಬಂದಿದೆ. ಎದೆಯಲ್ಲಿ ಹಿಂಡಿದಂಥ ನೋವಿದ್ದು ಅದು ಎಡಗೈಗೋ ದವಡೆಗೋ ಹರಿಯುತ್ತಿದೆ. ತನಗೋ ಬೇರೆಯವರಿಗೋ ಏನಾದರೂ ಮಾಡಿಕೊಳ್ಳುವ, ಮಾಡುವ ಮಾತಾಡುತ್ತಿದ್ದಾರೆ. ತಿಂದವರು ಚಿಕ್ಕ ಮಗು. ಇವುಗಳಲ್ಲಿ ಒಂದಿದ್ದರೂ ಸಾಕು, ಕಾಯಬೇಡಿ. ಪ್ರಜ್ಞೆ ತಪ್ಪಿದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳಬಾರದು.

ಪೊಲೀಸರ ಭಯಕ್ಕೆ, ವೀಸಾ ಭಯಕ್ಕೆ ಕರೆ ಮಾಡದೆ ಕೂತವರನ್ನು ನೋಡಿದ್ದೇನೆ. ಹೊಟ್ಟೆಗೆ ಬೆಂಕಿ ಬೀಳುತ್ತದೆ. ಹಾಗೆ ಜೀವ ಉಳಿಸಲು ಕರೆ ಮಾಡಿದವರ ಮೇಲೆ, ಮಾದಕ ವಸ್ತು ಬರೀ ಇಟ್ಟುಕೊಂಡಿದ್ದಕ್ಕೆ ಕೇಸು ಹಾಕಬಾರದೆಂದು ಕೆನಡಾದಲ್ಲಿ 2017ರಿಂದ ಕಾನೂನೇ ಇದೆ. ಆಸ್ಪತ್ರೆಗೆ ಹೇಳಿದ್ದು ಊರಲ್ಲಿರುವ ಅಪ್ಪ ಅಮ್ಮನಿಗೆ ತಾನಾಗಿ ಹೋಗುವುದಿಲ್ಲ.

"ನಿದ್ದೆಗೆ ಅಂತ ಕೊಂಡೆ, ಇದ್ದ ನಿದ್ದೆಯೂ ಹೋಯ್ತು"

ಕಾಸಿಲ್ಲದ ಮೊದಲ ಪರೀಕ್ಷೆ: ಪೊಟ್ಟಣ ಎತ್ತಿಕೊಂಡು ಓದಿ. ಹೆಸರನ್ನಲ್ಲ, ಅಂಕಿಯನ್ನು.

ಕೆನಡಾದ ಪೊಟ್ಟಣದ ಮೇಲೆ, ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿಯ ಎರಡು ಅಂಕಿಗಳನ್ನು ನೀವು ನೋಡಿರಬಹುದು. ಒಂದು ಬರೀ ಟಿಎಚ್‌ಸಿ, ಉದಾಹರಣೆಗೆ ಗ್ರಾಂಗೆ 12 ಮಿಲಿಗ್ರಾಂ. ಇನ್ನೊಂದು ಟೋಟಲ್ ಟಿಎಚ್‌ಸಿ, ಗ್ರಾಂಗೆ 250 ಮಿಲಿಗ್ರಾಂ. ಮೊದಲನೆಯದನ್ನು ಓದಿ "ಕಮ್ಮಿ ಇದೆ" ಅಂದುಕೊಂಡರೆ ಅಲ್ಲೇ ಲೆಕ್ಕ ತಪ್ಪಿತು. ಗಿಡದಲ್ಲಿ ಹೆಚ್ಚಿನದೆಲ್ಲ ಆಮ್ಲದ ರೂಪದಲ್ಲಿರುತ್ತದೆ. ಕಾವು ತಗುಲಿದಾಗ ಅದು ಅಮಲು ಕೊಡುವ ಟಿಎಚ್‌ಸಿಯಾಗುತ್ತದೆ. ಸೇದುವವರಿಗೆ ಲೆಕ್ಕಕ್ಕೆ ಬರುವುದು ಎರಡನೆಯ ಅಂಕಿ. 250 ಅಂದರೆ ಶೇ. 25. ಹೊಸಬರು ಗ್ರಾಂಗೆ 100 ಮಿಲಿಗ್ರಾಂ, ಅಂದರೆ ಶೇ. 10, ದಾಟಬಾರದು ಎಂದು ಕೆನಡಾದ ಆರೋಗ್ಯ ಇಲಾಖೆ ಹೇಳುತ್ತದೆ. ಪಿಂಕ್ ಕುಶ್ ಸಾಮಾನ್ಯವಾಗಿ ಇದರ ಎರಡು ಪಟ್ಟಿನ ಸುತ್ತಮುತ್ತ ಇರುತ್ತದೆ.

ಟಿಎಚ್‌ಸಿಗೆ ಎರಡು ಮುಖ. ಸ್ವಲ್ಪವಾದರೆ ಸಡಿಲ, ಹೆಚ್ಚಾದರೆ ಗಾಬರಿ. ಹಾಗಾಗಿ ನಿದ್ದೆ ಹಾರಿಹೋದಾಗ ನಾನು ಮೊದಲು ಅನುಮಾನಿಸುವುದು ಪ್ರಮಾಣವನ್ನು, ತಳಿಯನ್ನಲ್ಲ. ಆಮೇಲೆ ಕೇಳುವುದು, ಸಂಜೆ ಎಷ್ಟು ಕಾಫಿ ಕುಡಿದಿದ್ದೆ, ಎನರ್ಜಿ ಡ್ರಿಂಕ್ ಇತ್ತಾ ಎಂದು.

ಹಾಗಾದರೆ ನಿದ್ದೆ ತರುತ್ತದೆ ಎಂದು ಹೇಳುವ "ಇಂಡಿಕಾ" ಎಂಬ ಪದಕ್ಕೆ ಬೆಲೆಯೇ ಇಲ್ಲವೇ? ಈ ಹೆಸರು ನಮ್ಮ ನೆಲದಿಂದಲೇ ಹೋದದ್ದು. ಭಾರತದಿಂದ ಹೋದ ಗಿಡಗಳನ್ನು ನೋಡಿ ಫ್ರಾನ್ಸಿನ ಸಸ್ಯವಿಜ್ಞಾನಿ ಲಮಾರ್ಕ್ 1785ರಲ್ಲಿ ಇಟ್ಟದ್ದು. ಅವನು ಹೆಸರಿಟ್ಟದ್ದು ಗಿಡಕ್ಕೆ, ನಿದ್ದೆಗಲ್ಲ. 2021ರಲ್ಲಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ ನೂರಾರು ಮಾದರಿಗಳನ್ನು ಪರೀಕ್ಷಿಸಿತು. ಇಂಡಿಕಾ, ಸಟೈವಾ (ಗಾಂಜಾದ ಇನ್ನೊಂದು ಬಗೆ) ಎಂಬ ಚೀಟಿಗೂ ಗಿಡದ ವಂಶಕ್ಕೂ ಹೆಚ್ಚು ಸಂಬಂಧ ಕಾಣಲಿಲ್ಲ. ಚೀಟಿ ಹೊಂದಿಕೊಂಡದ್ದು ವಾಸನೆ ಕೊಡುವ ಕೆಲವೇ ಟರ್ಪೀನ್‌ಗಳ ಜೊತೆ, ಮುಖ್ಯವಾಗಿ ಮಾವಿನಲ್ಲೂ ಇರುವ ಮಿರ್ಸೀನ್ ಜೊತೆ. ಅಂದಮೇಲೆ ಇಬ್ಬರು ಬೆಳೆಗಾರರ ಪಿಂಕ್ ಕುಶ್ ಒಂದೇ ಥರ ಇರಬೇಕೆಂದಿಲ್ಲ. ಕಳೆದ ಸಲ ಹಿತವಾಗಿತ್ತು ಅಂತ ಈ ಸಲ ಕಣ್ಣು ಮುಚ್ಚಿ ಅಷ್ಟೇ ತಗೋಬೇಡಿ.

"ವಾಸನೆ ಯಾಕೋ ಬೇರೆ, ಗಂಟಲು ಕೆರೆಯುತ್ತದೆ"

ಪಿಂಕ್ ಕುಶ್‌ನಲ್ಲಿ ನಿಂಬೆ ಸಿಪ್ಪೆ, ಕಾಳುಮೆಣಸು, ಸಿಹಿ ಹೂವು ಕಲಸಿದಂಥ ವಾಸನೆ ಸಾಮಾನ್ಯ. ಒಣ ಹುಲ್ಲಿನ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಅದು ಹಳತು, ಹೆಚ್ಚು ಒಣಗಿದೆ, ಅಷ್ಟೇ. ಮಳೆಗಾಲದಲ್ಲಿ ಒಣಗದ ಬಟ್ಟೆಯ, ಮುಗ್ಗಿದ ಹಿಟ್ಟಿನ ವಾಸನೆ ಬಂದರೆ ಮಾತ್ರ ಬೂಷ್ಟು.

ಬೆಳಕಿಗೆ ಹಿಡಿದು ನೋಡಿ. ಹೂವಿನ ಮೇಲೆ ಸಕ್ಕರೆ ಹರಳಿನಂತೆ ಮಿಂಚುವುದು ಗಿಡದ ಅಂಟು ಗ್ರಂಥಿಗಳು, ಅವು ಇರಬೇಕಾದ್ದೇ. ಮಿಂಚದೆ ಹಿಟ್ಟು ಚಿಮುಕಿಸಿದಂತೆ ಮಂಕಾಗಿದ್ದರೆ, ಅಥವಾ ಹೂವು ಬಿಡಿಸಿದಾಗ ಒಳಗೆ ಬೂದು ಎಳೆ ಕಂಡರೆ, ಪೂರ್ತಿ ಬಿಸಾಕಿ. ಕೆಟ್ಟ ಭಾಗ ಕಿತ್ತು ಉಳಿದದ್ದು ಸೇದಿದರಾಯ್ತು ಅನ್ನಬೇಡಿ. ಸುಟ್ಟರೆ ಎಲ್ಲ ಸಾಯುತ್ತದೆ ಎನ್ನುವುದೂ ತಪ್ಪು. ಕೀಮೋಥೆರಪಿ ಆದವರು, ಅಂಗ ಕಸಿ ಆದವರು, ದಿನಾ ಸ್ಟೀರಾಯ್ಡ್ ತಗೊಳ್ಳುವವರಿಗೆ ಈ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಜ್ವರ, ಕೆಮ್ಮು, ಏದುಸಿರು ಶುರುವಾದರೆ ಅಂದೇ ವೈದ್ಯರ ಬಳಿ ಹೋಗಿ.

ಪೊಟ್ಟಣದ ಮೇಲೆ ಅಬಕಾರಿ ಮುದ್ರೆ, ಕೆಂಪು ಬಣ್ಣದ ಎಲೆಯ ಗುರುತು ಇಲ್ಲದಿದ್ದರೆ ಅದು ಅಂಗಡಿಯ ಮಾಲಲ್ಲ, ಅದರ ಯಾವ ಅಂಕಿಯನ್ನೂ ನಂಬಬೇಡಿ. ಮುದ್ರೆಯಿಲ್ಲದ ವೇಪ್ ಪೆನ್ನಿನಿಂದಂತೂ ದೂರವಿರಿ. 2019ರಲ್ಲಿ ಅಮೆರಿಕದಲ್ಲಿ ಕಳ್ಳಪೇಟೆಯ ವೇಪ್‌ಗಳಲ್ಲಿ ವಿಟಮಿನ್ ಇ ಅಸಿಟೇಟ್ ಬೆರೆಸಿದ್ದು ಶ್ವಾಸಕೋಶ ಕೆಡಿಸಿತು. 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, 68 ಮಂದಿ ತೀರಿಕೊಂಡಿದ್ದರು.

"ತಿಂದು ಒಂದು ಗಂಟೆಯಾಯ್ತು, ಏನೂ ಆಗ್ತಿಲ್ಲ, ಇನ್ನೊಂದು ತಿನ್ಲಾ?"

ತಿನ್ನಬೇಡಿ. ನನಗೆ ಬರುವ ಕರೆಗಳಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾದ ಅನಾಹುತ ಇದು.

ಸೇದಿದ್ದು ನಿಮಿಷಗಳಲ್ಲಿ ತಲೆಗೇರುತ್ತದೆ, ಅರ್ಧ ಗಂಟೆಯೊಳಗೆ ತುದಿ ಮುಟ್ಟುತ್ತದೆ, ಆರು ಗಂಟೆಯವರೆಗೂ ಉಳಿಯಬಹುದು. ಗಾಂಜಾ ಬೆರೆಸಿದ ಚಾಕೊಲೇಟ್, ಗಮ್ಮಿ ಮಿಠಾಯಿ ತಿಂದದ್ದರ ದಾರಿ ಬೇರೆ. ಹೊಟ್ಟೆಯಿಂದ ಯಕೃತ್ತಿಗೆ ಹೋಗಿ, ಅಲ್ಲಿ ಇನ್ನೂ ಬಲವಾದ ರೂಪ ತಾಳಿ ಮಿದುಳಿಗೆ ಬರುತ್ತದೆ. ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ತುದಿ ಮುಟ್ಟಲು ನಾಲ್ಕು ಗಂಟೆಯೂ ಆಗಬಹುದು. ಹನ್ನೆರಡು ಗಂಟೆ ಇರುತ್ತದೆ, ಅದರ ಮಂಕು ಮರುದಿನಕ್ಕೂ ಉಳಿಯಬಹುದು. ಹೊಟ್ಟೆ ತುಂಬ ಊಟ ಮಾಡಿದ್ದರೆ ಇನ್ನೂ ತಡ. ಏನೂ ಆಗಲಿಲ್ಲ ಎಂದು ಎರಡನೆಯದು ತಿಂದವರಿಗೆ ಎರಡೂ ಒಟ್ಟಿಗೆ ಏರುತ್ತವೆ, ಮಧ್ಯರಾತ್ರಿ ನನಗೆ ಫೋನ್ ಬರುತ್ತದೆ.

ಆಮೇಲೆ ಪೊಟ್ಟಣ ಎಲ್ಲಿಯದು ನೋಡಿ. ಕೆನಡಾದಲ್ಲಿ ತಿನ್ನುವ ಪದಾರ್ಥದ ಒಂದು ಇಡೀ ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ತುಂಡಿಗೇ 10, ಪೊಟ್ಟಣಕ್ಕೆ 100 ಮಿಲಿಗ್ರಾಂ. ಇಲ್ಲಿ ಒಂದು ಪೊಟ್ಟಣ ಖಾಲಿ ಮಾಡಿ ರೂಢಿಯಾದವರು ಅಲ್ಲಿಯದನ್ನು ಖಾಲಿ ಮಾಡಿದರೆ ಹತ್ತು ಪಟ್ಟು ಒಳಗೆ ಹೋಯಿತು. ಹೊಸಬರಿಗೆ ಹೇಳುವ ಮಿತಿ 2.5 ಮಿಲಿಗ್ರಾಂ.

"ಎದೆ ಡವಡವ, ಸಾಯ್ತೀನಿ ಅನ್ನಿಸ್ತಿದೆ"

ಅತಿ ಹೆಚ್ಚು ಬರುವ ಕರೆ ಇದೇ. ಮೊದಲು ನಾಡಿ ಹಿಡಿದು ನೋಡಿ. ಗಡಿಯಾರ ಇಟ್ಟುಕೊಂಡು ಮೂವತ್ತು ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಟಿಎಚ್‌ಸಿ ಎದೆಬಡಿತ ಏರಿಸುತ್ತದೆ. ಆರೋಗ್ಯವಂತ ಯುವಕರಲ್ಲಿ ನೂರು ದಾಟುವುದು, ನೂರಿಪ್ಪತ್ತರ ಹತ್ತಿರ ಹೋಗುವುದು ಅಪರೂಪವಲ್ಲ. ಎಣಿಸುವುದರಿಂದ ಇನ್ನೊಂದು ಉಪಕಾರವಿದೆ: ಗಾಬರಿಯಾದ ಮನಸ್ಸಿಗೆ ಒಂದು ಕೆಲಸ ಸಿಗುತ್ತದೆ.

ನಾನು ಫೋನಿನಲ್ಲಿ ಹೇಳುವುದು ಇಷ್ಟು. ಇನ್ನು ಒಂದು ದಮ್ಮೂ ಬೇಡ, ಬಿಯರ್ ಬೇಡ, ಕಾಫಿ ಬೇಡ. ಗದ್ದಲವಿಲ್ಲದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತುಕೋ. ನೀರು ಗುಟುಕು ಗುಟುಕಾಗಿ ಕುಡಿ. ನಾಲ್ಕು ಎಣಿಸುತ್ತ ಉಸಿರೆಳೆದುಕೋ, ಆರು ಎಣಿಸುತ್ತ ಬಿಡು. ಸೇದಿದ್ದೋ ತಿಂದದ್ದೋ, ಎಷ್ಟು ಗಂಟೆಗೆ ಎಂದು ಕಾಗದದ ಮೇಲೆ ಬರೆದುಕೋ. "ಇದು ಏರಿದೆ, ಇಳಿಯುತ್ತದೆ" ಎಂದು ಜೋರಾಗಿ ಹೇಳಿಕೋ. ಒಬ್ಬನೇ ಇರಬೇಡ, ರೂಮ್‌ಮೇಟನ್ನು ಎಬ್ಬಿಸು. ಪಕ್ಕದಲ್ಲಿ ಕೂತವರು "ಏನೋ ಇದು, ನಿನಗೆ ಬೇಕಿತ್ತಾ" ಎಂದು ಬೈಯಬಾರದು, ನಗಬಾರದು. ಗಾಬರಿಯಲ್ಲಿದ್ದವರಿಗೆ ಪಕ್ಕದವರ ಮುಖವೇ ಔಷಧ.

ಸೇದಿದ್ದಾದರೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಮುಖವಾಗುತ್ತದೆ. ಹಾಗಾಗದೆ ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ, ಸುಮ್ಮನೆ ಕೂತಿದ್ದರೂ ಬಹಳ ಹೊತ್ತು 130ರ ಮೇಲೇ ನಿಂತಿದ್ದರೆ, ಏದುಸಿರು, ತಣ್ಣನೆ ಬೆವರು, ಎದೆನೋವು ಸೇರಿಕೊಂಡರೆ ಅದನ್ನು ಬರೀ ಗಾಬರಿ ಎಂದು ತಳ್ಳಿಹಾಕಬೇಡಿ. ನಲವತ್ತು ದಾಟಿದವರು, ಬಿಪಿ, ಶುಗರ್, ಹೃದಯದ ಕಾಯಿಲೆ ಇದ್ದವರು ಈ ಅಂಕಿಗಾಗಿ ಕಾಯುವುದೂ ಬೇಡ. ಎದೆನೋವು ಅಂದರೆ 911. ಆಂಬುಲೆನ್ಸಿನಲ್ಲಿ ಬಂದವರಿಂದ ಗಾಂಜಾ ತಗೊಂಡದ್ದನ್ನು ಮುಚ್ಚಿಡಬೇಡಿ, ಚಿಕಿತ್ಸೆ ದಾರಿ ತಪ್ಪುತ್ತದೆ.

"ಎದ್ದು ನಿಂತರೆ ಕಣ್ಣು ಕತ್ತಲೆ"

ಮಲಗಿದ್ದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿಯುವುದು ಇದಕ್ಕೆ ಕಾರಣ. ಮಲಗಿ, ಕಾಲು ದಿಂಬಿನ ಮೇಲೆತ್ತಿ, ನೀರು ಕುಡಿದು, ಕಾಲು ಗಂಟೆ ಬಿಟ್ಟು ಹಂತ ಹಂತವಾಗಿ ಏಳಿ. ಬಚ್ಚಲಿಗೆ ಒಬ್ಬರೇ ಹೋಗಬೇಡಿ. ತಲೆಗೆ ಪೆಟ್ಟು ಬಿದ್ದಿದ್ದರೆ, ಎರಡನೆಯ ಸಲ ಬಿದ್ದರೆ, ಬಿಪಿ ಮಾತ್ರೆ ತಗೊಳ್ಳುವವರಾದರೆ ಆಸ್ಪತ್ರೆಗೆ ಹೋಗಿ.

"ವಾಂತಿ ನಿಲ್ತಿಲ್ಲ, ಬಿಸಿನೀರಲ್ಲಿ ನಿಂತರೆ ಮಾತ್ರ ಸಮಾಧಾನ"

ಒಂದೇ ಒಂದು ರಾತ್ರಿಯ ವಾಂತಿ, ಅದೂ ಮದ್ಯದ ಜೊತೆ ಸೇದಿದಾಗ, ಪ್ರಮಾಣ ಮೀರಿದ್ದಕ್ಕೆ. ಕೂತುಕೊಂಡೇ ಇರಿ, ಓಆರ್‌ಎಸ್ ಚಮಚ ಚಮಚವಾಗಿ ಕುಡಿಯಿರಿ.

ಆದರೆ ಇನ್ನೊಂದು ಬಗೆ ಇದೆ. ಅದನ್ನು ಗುರುತಿಸದೆ ವರ್ಷಗಟ್ಟಲೆ ನರಳಿದವರು ನಮ್ಮ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಈ ಪ್ರಶ್ನೆ ಕೇಳಿಕೊಳ್ಳಿ: ಒಂದು ವರ್ಷಕ್ಕಿಂತ ಹೆಚ್ಚಾಗಿ ಹೆಚ್ಚುಕಡಿಮೆ ದಿನಾ ಸೇದುತ್ತಿದ್ದೀರಾ? ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುತ್ತದೆಯೇ? ಕೆಲವು ವಾರ, ತಿಂಗಳಿಗೊಮ್ಮೆ ದಿನಪೂರ್ತಿ ವಾಂತಿಯಾಗಿ ಮತ್ತೆ ಏನೂ ಆಗದವರಂತೆ ಸರಿಹೋಗುತ್ತೀರಾ? ಸುಡುಸುಡು ಬಿಸಿನೀರಿನ ಸ್ನಾನದಲ್ಲಿ ಮಾತ್ರ ಹಾಯೆನಿಸುತ್ತದೆಯೇ? ಎಲ್ಲಕ್ಕೂ ಹೌದು ಎಂದಾದರೆ ಕೆನಬಿನಾಯ್ಡ್ ಹೈಪರ್‌ಎಮೆಸಿಸ್ ಸಿಂಡ್ರೋಮ್, ಅಂದರೆ ಗಾಂಜಾದಿಂದಲೇ ಬರುವ ವಾಂತಿ ರೋಗ, ಇರಬಹುದು. 2004ರಲ್ಲಿ ಇದನ್ನು ಮೊದಲು ವಿವರಿಸಿದವರು ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು. ಬಿಸಿನೀರಿನ ವಿಷಯ ಅಂದೇ ಅವರ ಕಣ್ಣಿಗೆ ಬಿದ್ದಿತ್ತು.

ಇದರಲ್ಲಿ ಅತಿ ನೋವಿನ ಸಂಗತಿ, ಗಾಂಜಾ ಓಕರಿಕೆಗೆ ಒಳ್ಳೆಯದು ಎಂಬ ಮಾತು ನಂಬಿ ಇವರು ಇನ್ನಷ್ಟು ಸೇದುತ್ತಾರೆ. ತಳಿ ಬದಲಿಸುತ್ತಾರೆ. ಪಿಂಕ್ ಕುಶ್ ಬಿಟ್ಟು ಇನ್ನೊಂದು ಹಿಡಿಯುತ್ತಾರೆ. ತಳಿಯಲ್ಲಿ ದೋಷವಿಲ್ಲ, ವರ್ಷಗಳ ಟಿಎಚ್‌ಸಿ ಹೊರೆಯಲ್ಲಿದೆ. ಪೂರ್ತಿ ಬಿಡುವುದೊಂದೇ ಗುಣವಾಗುವ ದಾರಿ. ಒಂದು ವಾರ ಬಿಟ್ಟು ನೋಡಿ ಏನೂ ತೀರ್ಮಾನಿಸಬೇಡಿ, ತಿಂಗಳುಗಳೇ ಬೇಕಾಗಬಹುದು.

ಬಿಸಿನೀರು ಹಿತವೆಂದು ಚರ್ಮ ಸುಟ್ಟುಕೊಂಡವರಿದ್ದಾರೆ, ಎಚ್ಚರ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮನ್ನು ಹೊಟ್ಟೆಯ ಮೇಲೆ ಹಚ್ಚುವುದು ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಯೇ, ಆದರೆ ಅದು ಅಳತೆಯ ಔಷಧ. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಚ್ಚಿಕೊಳ್ಳಬೇಡಿ. ಮಾಮೂಲಿ ವಾಂತಿ ಮಾತ್ರೆಗಳು ಇದಕ್ಕೆ ಹಲವು ಸಲ ಕೇಳುವುದಿಲ್ಲ. ನೀರು ನಿಲ್ಲುತ್ತಿಲ್ಲ, ಎಂಟು ಗಂಟೆಯಿಂದ ಮೂತ್ರವಿಲ್ಲ, ವಾಂತಿಯಲ್ಲಿ ರಕ್ತವಿದೆ, ಕಾಲು ಸೆಟೆದುಕೊಳ್ಳುತ್ತಿದೆ ಎಂದಾದರೆ ಮನೆಮದ್ದು ನಿಲ್ಲಿಸಿ ಹೊರಡಿ. ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು, ಗರ್ಭ ಇವು ಯಾವುದೂ ಅಲ್ಲ ಎಂದು ಅಲ್ಲಿ ಖಚಿತಪಡಿಸಿಕೊಳ್ಳುತ್ತಾರೆ.

"ಯಾರೋ ನನ್ನ ಬಗ್ಗೆ ಮಾತಾಡ್ತಿದ್ದಾರೆ"

ಅಮಲಿನಲ್ಲಿ ಒಂದೆರಡು ಗಂಟೆ ಅನುಮಾನ ಹೆಚ್ಚುವುದುಂಟು. ಗಾಬರಿಗೆ ಹೇಳಿದ್ದೇ ಇದಕ್ಕೂ. ವಾದ ಮಾಡಬೇಡಿ, "ಇಲ್ಲ ಕಣೋ, ಯಾರೂ ಇಲ್ಲ" ಎಂದು ಜಗ್ಗಾಡಬೇಡಿ. ಜೊತೆಗಿರಿ, ಚಾಕು, ಬಾಲ್ಕನಿ, ಕಾರಿನ ಕೀಲಿಯಿಂದ ದೂರವಿಡಿ.

ಸೇದಿದ್ದು ಇಳಿಯುವ ಹೊತ್ತು ಕಳೆದು ಮರುದಿನವೂ ದನಿ ಕೇಳುತ್ತಿದ್ದರೆ ಅದು ಅಮಲಲ್ಲ, ಮನೋವೈದ್ಯರು ನೋಡಲೇಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ, ಬೈಪೋಲಾರ್ ಇದ್ದರೆ ಅಪಾಯ ಹೆಚ್ಚು. ನಮ್ಮ ಮನೆಗಳಲ್ಲಿ ಇಂಥದ್ದನ್ನು ಮುಚ್ಚಿಡುತ್ತಾರೆ, "ಚಿಕ್ಕಪ್ಪನಿಗೆ ಗಾಳಿ ಸೋಕಿತ್ತು" ಎಂದು ಮುಗಿಸುತ್ತಾರೆ. ಒಮ್ಮೆ ಅಜ್ಜಿಯನ್ನೋ ಅತ್ತೆಯನ್ನೋ ಬಿಡಿಸಿ ಕೇಳಿ. ಕೆನಡಾದಲ್ಲಿ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು. ಕರ್ನಾಟಕದಲ್ಲಿರುವವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

"ಬಿಟ್ಟೆ, ಈಗ ನಿದ್ದೆಯೇ ಇಲ್ಲ, ಬಂದರೆ ಕೆಟ್ಟ ಕನಸು"

ದಿನಾ ಸೇದುತ್ತಿದ್ದವರು ಬಿಟ್ಟಾಗ ಈ ತೊಂದರೆ ಒಂದರಿಂದ ಮೂರು ದಿನದಲ್ಲಿ ಶುರು, ಮೊದಲ ವಾರದಲ್ಲಿ ಜೋರು, ಎರಡು ವಾರದ ಹೊತ್ತಿಗೆ ಬಹುತೇಕ ತಣ್ಣಗೆ. ಸಿಡುಕು, ಊಟ ಸೇರದಿರುವುದು, ರಾತ್ರಿ ಬೆವರು ಎಲ್ಲ ಇದರ ಭಾಗ. ಅದುಮಿಟ್ಟ ಕನಸುಗಳೆಲ್ಲ ಒಟ್ಟಿಗೆ ಬರುತ್ತವೆ. "ಪಿಂಕ್ ಕುಶ್ ಇಲ್ಲದೆ ನನಗೆ ನಿದ್ದೆಯೇ ಬರಲ್ಲ, ಅದು ನನಗೆ ಔಷಧ" ಎಂದು ಎಷ್ಟೋ ಜನ ಐದನೇ ದಿನ ಮತ್ತೆ ಹಚ್ಚುತ್ತಾರೆ. ಐದನೇ ದಿನದ ನಿದ್ದೆ ನೋಡಿ ತೀರ್ಮಾನಿಸಬೇಡಿ, ಇಪ್ಪತ್ತನೇ ದಿನದ ನಿದ್ದೆ ನೋಡಿ. ತಡೆಯಲಾಗದಿದ್ದರೆ ಕುಟುಂಬ ವೈದ್ಯರಿಗೆ ಹೇಳಿ. ಸ್ನೇಹಿತರ ನಿದ್ದೆ ಮಾತ್ರೆ ಬೇಡ.

"ಗೊತ್ತಿಲ್ಲದೆ ಅಮ್ಮ ತಿಂದುಬಿಟ್ರು", "ಮಗು ಬಾಯಿಗೆ ಹಾಕ್ಕೊಂಡ್ತು"

ಊರಿಂದ ಬಂದ ತಾಯಿಯೊಬ್ಬರು ಫ್ರಿಜ್ಜಿನಲ್ಲಿದ್ದ ಚಾಕೊಲೇಟನ್ನು ಚಾಕೊಲೇಟೆಂದೇ ತಿಂದಿದ್ದರು. ಮಗ ಹೇಳಲು ನಾಚಿ ಮೂರು ಗಂಟೆ ಕಳೆದ. ಆ ಮೂರು ಗಂಟೆ ಅವರು ತಮಗೆ ಲಕ್ವ ಹೊಡೆದಿದೆ ಎಂದುಕೊಂಡು ದೇವರ ಹೆಸರು ಹೇಳುತ್ತ ಮಲಗಿದ್ದರು. ನನ್ನ ಕೈ ಹಿಡಿದು "ನಮ್ಮಪ್ಪನೂ ಭಂಗಿ ಸೇದ್ತಿದ್ರು ಕಣಮ್ಮ, ಹಿಂಗೆಲ್ಲ ಆಗ್ತಿರ್ಲಿಲ್ಲ" ಅಂದರು. ನಿಜ ಇರಬಹುದು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಸರಾಸರಿ ಟಿಎಚ್‌ಸಿ 1995ರಲ್ಲಿ ಶೇ. 4ರಷ್ಟಿತ್ತು, 2014ಕ್ಕೆ ಶೇ. 12 ಆಗಿತ್ತು. ಅಂಗಡಿಯ ಪಿಂಕ್ ಕುಶ್ ಅದನ್ನೂ ದಾಟಿದೆ. ಯಾದಗಿರಿ ಕಡೆಯ ಮೌನೇಶ್ವರ ಜಾತ್ರೆಯ ಭಂಗಿ ನೋಡಿ ಬೆಳೆದವರ ಅಂದಾಜು ಇಲ್ಲಿ ನಡೆಯುವುದಿಲ್ಲ.

ಹಿರಿಯರು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ), ನಿದ್ದೆ ಮಾತ್ರೆ, ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಮಾತ್ರೆ ಚೀಟಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ವಾರ್ಫರಿನ್ ಜೊತೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮಗುವಿನ ವಿಷಯದಲ್ಲಿ ಕಾದು ನೋಡುವುದೆಂಬುದೇ ಇಲ್ಲ. ಬೇರೇನೂ ಸೇರದೆ ಗಾಂಜಾವೊಂದೇ ದೊಡ್ಡವರ ಉಸಿರು ನಿಲ್ಲಿಸುವುದು ಅಪರೂಪ, ಆದರೆ ಚಿಕ್ಕ ಮಕ್ಕಳಲ್ಲಿ ಉಸಿರು ಕುಗ್ಗಿ ಪ್ರಜ್ಞೆ ತಪ್ಪಬಹುದು. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಮಗು ತೂಕಡಿಸುತ್ತಿದ್ದರೆ, ತೂರಾಡುತ್ತಿದ್ದರೆ 911. ಆಟವಾಡುತ್ತಲೇ ಇದ್ದರೂ ಕೆನಡಾದ ವಿಷ ಮಾಹಿತಿ ಕೇಂದ್ರ 1-844-764-7669ಕ್ಕೆ ತಕ್ಷಣ ಕರೆ ಮಾಡಿ, ಪೊಟ್ಟಣ ಕೈಯಲ್ಲಿರಲಿ. ಕರ್ನಾಟಕದಲ್ಲಾದರೆ 108. ಮನೆಯಲ್ಲಿ ಅಜ್ಜಿ ತಾತ ಮಕ್ಕಳಿದ್ದರೆ ಇಂಥದ್ದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಫ್ರಿಜ್ಜಿನಲ್ಲಲ್ಲ.

"ಬೆಳಿಗ್ಗೆ ಎದ್ದೆ, ತಲೆ ಇನ್ನೂ ಮಂಕು. ಕೆಲಸಕ್ಕೆ ಡ್ರೈವ್ ಮಾಡ್ಲಾ?"

ಬೇಡ. ಬಸ್ ಹಿಡಿಯಿರಿ. ರಾತ್ರಿ ತಿಂದದ್ದು ಬೆಳಿಗ್ಗೆಗೂ ಇರುತ್ತದೆ ಎಂದು ಮೇಲೆಯೇ ಹೇಳಿದೆ. ಒಂಟಾರಿಯೊದಲ್ಲಿ 21 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ, ಹೊಸ ಲೈಸೆನ್ಸಿನವರಿಗೆ, ಟ್ರಕ್ಕಿನಂಥ ವಾಣಿಜ್ಯ ವಾಹನ ಓಡಿಸುವವರಿಗೆ ಮೈಯಲ್ಲಿ ಗಾಂಜಾ ಒಂದಿಷ್ಟೂ ಇರಬಾರದೆಂಬ ನಿಯಮವಿದೆ.

ಊರಿಗೆ ಹೋಗುವ ಮುನ್ನ ಬ್ಯಾಗಿನ ಎಲ್ಲ ಜೇಬು, ಜಾಕೆಟ್ಟಿನ ಒಳಜೇಬು ಕೊಡವಿ ನೋಡಿ. ಕೆನಡಾದ ಗಡಿ ದಾಟಿಸುವುದೇ ಅಪರಾಧ, ಭಾರತದಲ್ಲಿ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ತಡೆ ಕಾಯ್ದೆ ಕಾಯುತ್ತಿದೆ. ಮರೆತುಹೋದ ಒಂದು ಗಮ್ಮಿ ಪೊಟ್ಟಣ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ, ಆಗ ಫೋನ್ ಮಾಡಿದರೂ ಈ ಅಕ್ಕನ ಕೈಲಿ ಏನೂ ಆಗುವುದಿಲ್ಲ.